ಬೆಂಕಿಪೊಟ್ಟಣದಲ್ಲಿ ಕಂಡದ್ದನ್ನು ಕೆರೆಯಲ್ಲೂ ಹುಡುಕಿ

ದಾವಣಗೆರೆ ನಗರದ ಕುಡಿಯುವ ನೀರಿನ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ, ಜನಪ್ರತಿನಿಧಿಗಳಿಗೆ, ಆ ನೀರನ್ನೇ ಕುಡಿಯುವ ನನ್ನ ಊರಿನವರಿಗೆ,

ನಮಸ್ಕಾರ. ನಮ್ಮ ಕುಡಿಯುವ ನೀರಿನ ಮೂಲಗಳಲ್ಲಿ ಹೊಟ್ಟೆಯ ಪರಾವಲಂಬಿಗಳಿವೆಯೇ ಎಂದು ತಿಂಗಳಿಗೊಮ್ಮೆ ಪರೀಕ್ಷಿಸಿ ಎಂದು ಕೇಳಲು ಈ ಪತ್ರ.

ಮೂವತ್ನಾಲ್ಕು ವರ್ಷ ಈ ಊರಿನವರ ಮಲ ನೋಡಿ ಸಂಬಳ ತೆಗೆದುಕೊಂಡವಳು ನಾನು. ಲ್ಯಾಬ್ ಟೆಕ್ನೀಷಿಯನ್ ಎಂದು ಹೇಳಿಕೊಂಡರೆ ಮರ್ಯಾದೆ ಹೆಚ್ಚು, ನಿಜ. ಆದರೆ ಬೆಳಿಗ್ಗೆ ಎಂಟಕ್ಕೆ ಹೋಗಿ ಕುಳಿತರೆ ಮೇಜಿನ ಮೇಲೆ ನನಗಾಗಿ ಕಾದಿರುತ್ತಿದ್ದದ್ದು ಬೆಂಕಿಪೊಟ್ಟಣಗಳ ಸಾಲು. ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಕಳುಹಿಸಿದರೂ ಜನ ಅದನ್ನು ಅಡಿಕೆಪುಡಿಗೋ ಗುಂಡುಸೂಜಿಗೋ ಇಟ್ಟುಕೊಂಡು, ಮಾದರಿಯನ್ನು ಬೆಂಕಿಪೊಟ್ಟಣದಲ್ಲೇ ತರುತ್ತಿದ್ದರು. ಒಬ್ಬ ಅಜ್ಜಿ ಮೊಮ್ಮಗನದನ್ನು ಕುಂಕುಮದ ಭರಣಿಯಲ್ಲಿ ತಂದಿದ್ದರು. ಬಯ್ಯಲು ಬಾಯಿ ಬರಲಿಲ್ಲ. ತೊಳೆದು ವಾಪಸು ಕೊಟ್ಟೆ.

ಗಾಜಿನ ಪಟ್ಟಿಯ ಒಂದು ಕಡೆ ಸಲೈನ್ ಹನಿ, ಇನ್ನೊಂದು ಕಡೆ ಅಯೋಡಿನ್ ಹನಿ, ಮೇಲೊಂದು ಕವರ್‌ಸ್ಲಿಪ್. ಅಷ್ಟರಲ್ಲೇ ಊರಿನ ನೀರಿನ ಕಥೆ ಅರ್ಧ ಗೊತ್ತಾಗುತ್ತಿತ್ತು. ಆಮಶಂಕೆ ತರುವ ಎಂಟಮೀಬಾ ಹಿಸ್ಟೊಲಿಟಿಕಾ ಒಂದು, ಜಿಯಾರ್ಡಿಯಾ ಇನ್ನೊಂದು, ಎರಡೂ ಹೊಟ್ಟೆಯೊಳಗೆ ಬದುಕುವ ಏಕಕೋಶ ಪರಾವಲಂಬಿಗಳು. ಜಿಯಾರ್ಡಿಯಾ ಜೀವಂತವಾಗಿ ಸಿಕ್ಕರೆ ನೋಡಲು ಚೆಂದ ಎಂದರೆ ನೀವು ನಗಬಹುದು. ಎರಡು ಕೋಶಕೇಂದ್ರಗಳು ಎರಡು ಕಣ್ಣಿನಂತೆ ಕಾಣುತ್ತವೆ. ಕನ್ನಡಕ ಹಾಕಿದ ಮೇಷ್ಟರು ಕತ್ತೆತ್ತಿ ನಮ್ಮನ್ನೇ ದುರುಗುಟ್ಟಿ ನೋಡಿದಂತಿರುತ್ತದೆ. ಗಾಳಿಗೆ ತೊನೆಯುತ್ತ ಉದುರುವ ಎಲೆಯ ಹಾಗೆ ಚಲಿಸುತ್ತದೆ. ಹಾಲೆಂಡಿನ ಲೀವೆನ್‌ಹುಕ್ 1681ರಲ್ಲಿ ಇದನ್ನು ಮೊದಲು ಕಂಡದ್ದು ತನ್ನದೇ ಮಲದಲ್ಲಿ. ನಮ್ಮ ವೃತ್ತಿಯ ಮೂಲಪುರುಷ ಆತನೇ ಎಂದು ನಾನು ಹೊಸ ಹುಡುಗಿಯರಿಗೆ ಹೇಳಿಕೊಡುತ್ತಿದ್ದೆ.

ಮಗುವಿನ ಹೊಟ್ಟೆ ಉಬ್ಬರ, ಹಳಸಿದ ತೇಗು, ತೇಲುವ ಎಣ್ಣೆಮಲ, ಏರದ ತೂಕ. ಡಾಕ್ಟರು ಮೆಟ್ರೊನಿಡಜೋಲ್ ಬರೆಯುತ್ತಿದ್ದರು, ಮಗು ಚೇತರಿಸಿಕೊಳ್ಳುತ್ತಿತ್ತು. ಮೂರು ತಿಂಗಳಿಗೆ ಅದೇ ತಾಯಿ, ಅದೇ ಮಗು, ಇನ್ನೊಂದು ಬೆಂಕಿಪೊಟ್ಟಣ. "ಅಕ್ಕಾ, ಮತ್ತೆ ಅದೇ ಹುಳವೇ?" ಅದು ಹುಳವಲ್ಲ, ಏಕಕೋಶ ಜೀವಿ ಎಂದು ಎಷ್ಟು ಸಲ ಹೇಳಿದರೂ ನಮ್ಮ ಕಡೆ ಹೊಟ್ಟೆಯೊಳಗೆ ಇರುವುದೆಲ್ಲ ಹುಳವೇ. ಔಷಧಿ ತನ್ನ ಕೆಲಸ ಮಾಡಿತ್ತು, ಮಗು ಮನೆಗೆ ಹೋಗಿ ಮತ್ತೆ ಅದೇ ನೀರು ಕುಡಿದಿತ್ತು ಎಂಬುದು ನನ್ನ ಅನುಮಾನ. ಅನುಮಾನವೇ ಹೊರತು ಸಾಕ್ಷ್ಯವಲ್ಲ. ತೊಳೆಯದ ಕೈ, ಹಸಿ ಸೊಪ್ಪು, ಅಂಗಳದ ಮಣ್ಣು ಎಲ್ಲವೂ ಇದಕ್ಕೆ ದಾರಿಗಳೇ. ಆದರೆ ಬೇರೆ ದಾರಿಗಳ ಬಗ್ಗೆ ತಾಯಿಗೆ ಉಪದೇಶ ಮಾಡಿದೆವು. ನೀರಿನ ದಾರಿಯನ್ನು ಮಾತ್ರ ಯಾರೂ ಇಣುಕಿ ನೋಡಲಿಲ್ಲ.

ನಿವೃತ್ತಳಾದ ಮೇಲೆ ಹೊತ್ತು ಹೋಗದೆ, ಒಂದು ಕಚೇರಿಗೆ ಹೋಗಿ ಕುಡಿಯುವ ನೀರಿನ ಪರೀಕ್ಷಾ ವರದಿ ತೋರಿಸಿ ಎಂದು ಕೇಳಿದೆ. ಅಲ್ಲಿದ್ದ ಯುವಕ ಸಜ್ಜನ, ಕುರ್ಚಿ ಕೊಟ್ಟು ಕೂರಿಸಿ ತೋರಿಸಿದ. ಆಮ್ಲೀಯತೆ, ಗಡಸುತನ, ಫ್ಲೋರೈಡ್, ನೈಟ್ರೇಟ್, ಕೊನೆಗೆ ಮಲ ಬೆರೆತ ಸುಳಿವು ಕೊಡುವ ಬ್ಯಾಕ್ಟೀರಿಯಾ ಇ. ಕೊಲಿ: 100 ಮಿಲಿಲೀಟರಿನಲ್ಲಿ ಇಲ್ಲ. ಕೆಳಗೆ "ಕುಡಿಯಲು ಯೋಗ್ಯ" ಎಂಬ ಮೊಹರು. ಜಿಯಾರ್ಡಿಯಾ ಸಾಲು ಎಲ್ಲಿದೆಯಪ್ಪಾ ಎಂದೆ. "ಕ್ಲೋರಿನ್ ಹಾಕುತ್ತೇವಲ್ಲ ಮೇಡಂ" ಎಂದ. ಆತನನ್ನು ದೂರಲಾರೆ, ಊರಿನಲ್ಲಿ ಹತ್ತು ಜನರನ್ನು ಕೇಳಿದರೆ ಹತ್ತೂ ಜನ ಹೇಳುವುದು ಅದನ್ನೇ. ಈ ಪತ್ರ ಹುಟ್ಟಿದ್ದು ಆ ಒಂದು ಉತ್ತರದಿಂದ.

ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ 25 ಡಿಗ್ರಿ ಉಷ್ಣತೆಯ ನೀರಿನಲ್ಲಿ ಇ. ಕೊಲಿ ಸಾಯಲು ಒಂದು ನಿಮಿಷವೂ ಬೇಡ. ಜಿಯಾರ್ಡಿಯಾದ ಸಿಸ್ಟ್, ಅಂದರೆ ಗಟ್ಟಿ ಚಿಪ್ಪಿನೊಳಗೆ ಮಲಗಿರುವ ಅದರ ರೂಪ, ಸುಮಾರು 45 ನಿಮಿಷ ತಾಳಿಕೊಳ್ಳುತ್ತದೆ. ಇವೆರಡಕ್ಕೂ ಅಣ್ಣನಂತಿರುವ ಇನ್ನೊಂದಿದೆ, ಭೇದಿ ತರುವ ಏಕಕೋಶ ಪರಾವಲಂಬಿ ಕ್ರಿಪ್ಟೊಸ್ಪೊರಿಡಿಯಂ. ಅದಕ್ಕೆ ಬೇಕಾಗುವುದು ಸುಮಾರು 15,300 ನಿಮಿಷ. ಲೆಕ್ಕ ಹಾಕಿ: ಹತ್ತೂವರೆ ದಿನ. ಬೇಸಿಗೆಯಲ್ಲಿ ನಮ್ಮ ಬಡಾವಣೆಗೆ ಎಂಟು ದಿನಕ್ಕೊಮ್ಮೆ ನೀರು ಬಂದದ್ದೂ ಇದೆ. ಆ ಎಂಟೂ ದಿನ ಡ್ರಮ್ಮಿನಲ್ಲಿ ಕುಳಿತ ನೀರಿನಲ್ಲಿ ಕ್ಲೋರಿನ್ ಆರದೆ ಹಾಗೇ ಉಳಿದರೂ ಇದು ಸಾಯುವುದಿಲ್ಲ. ಇ. ಕೊಲಿ ಇಲ್ಲ ಎಂದರೆ ಸೀಟಿ ಕೇಳಿ ಚಿಲ್ಲರೆ ಕಳ್ಳ ಓಡಿಹೋದ ಎಂದಷ್ಟೇ ಅರ್ಥ. ಪಳಗಿದವನು ಅಟ್ಟದ ಮೇಲೆ ಕುಳಿತಿರಬಹುದು.

ಇದು ನಾನು ಹೊಸದಾಗಿ ಹೊಸೆದ ಬೇಡಿಕೆಯಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ರೂಪಿಸಿರುವ ಐಎಸ್ 10500 ಎಂಬ ಮಾನದಂಡವಿದೆ. 2012ರ ಆವೃತ್ತಿಯಲ್ಲಿ ಸ್ಪಷ್ಟವಾಗಿ ಬರೆದಿದೆ: 10 ಲೀಟರ್ ನೀರಿನಲ್ಲಿ ಕ್ರಿಪ್ಟೊಸ್ಪೊರಿಡಿಯಂ ಇರಕೂಡದು, 10 ಲೀಟರ್ ನೀರಿನಲ್ಲಿ ಜಿಯಾರ್ಡಿಯಾ ಇರಕೂಡದು. ಯಾವ ವಿಧಾನದಿಂದ ಹುಡುಕಬೇಕು ಎಂಬುದನ್ನೂ ಹೇಳಿದೆ. "ಐಎಸ್ 10500ರ ಪ್ರಕಾರ ಯೋಗ್ಯ" ಎಂದು ಮೊಹರು ಒತ್ತುವವರು ಆ ಮಾನದಂಡದ ಎಷ್ಟು ಪುಟ ಓದಿ ಒತ್ತುತ್ತಾರೆ ಎಂಬುದು ನನ್ನ ಮೊದಲ ಪ್ರಶ್ನೆ. 100 ಮಿಲಿಲೀಟರ್ ಎಂದರೆ ಒಂದು ಸಣ್ಣ ಲೋಟ. 10 ಲೀಟರ್ ಎಂದರೆ ಒಂದು ಕೊಡ. ಲೋಟ ನೋಡಿ ಕೊಡಕ್ಕೆ ಸರ್ಟಿಫಿಕೇಟ್ ಕೊಡುತ್ತಿದ್ದೇವೆ.

ಲೋಟ ನೋಡಿ ನಂಬಿದ ಊರಿನ ಪಾಡು ಏನಾಯಿತು ಎಂಬುದಕ್ಕೆ ಅಮೆರಿಕದ ಮಿಲ್ವಾಕಿ ಸಾಕ್ಷಿ. 1993ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಅಲ್ಲಿ ಸುಮಾರು 4 ಲಕ್ಷ ಜನ ಭೇದಿಗೆ ತುತ್ತಾದರು. ದಾವಣಗೆರೆ ನಗರದ ಜನಸಂಖ್ಯೆ 2011ರ ಜನಗಣತಿಯಲ್ಲಿ 4 ಲಕ್ಷ ದಾಟಿತ್ತು. ಅಂದರೆ ನಮ್ಮ ಊರಿಗೆ ಊರೇ ಹಾಸಿಗೆ ಹಿಡಿದಂತೆ. ಮಿಚಿಗನ್ ಸರೋವರದ ನೀರು ಆಧುನಿಕ ಶುದ್ಧೀಕರಣ ಘಟಕದಿಂದ, ಮರಳಿನ ಫಿಲ್ಟರ್ ದಾಟಿ, ಕ್ಲೋರಿನ್ ಬೆರೆತು, ಆಗ ಜಾರಿಯಲ್ಲಿದ್ದ ನಿಯಮಗಳಿಗೆಲ್ಲ ಸರಿಹೊಂದಿಯೇ ಮನೆಗಳಿಗೆ ಹೋಗಿತ್ತು. ನೀರು ಸ್ವಲ್ಪ ಕದಡಿತ್ತು, ಅಷ್ಟೇ. ಮೆಡಿಕಲ್ ಶಾಪುಗಳಲ್ಲಿ ಭೇದಿಯ ಮಾತ್ರೆ ಖಾಲಿಯಾದಾಗ, ಕೆಲಸಕ್ಕೆ ಶಾಲೆಗೆ ಜನ ಬಾರದೇ ಹೋದಾಗ ಅಧಿಕಾರಿಗಳಿಗೆ ಎಚ್ಚರವಾಯಿತು. ಕೊನೆಗೆ ಕ್ರಿಪ್ಟೊಸ್ಪೊರಿಡಿಯಂ ಎಂದು ಮೊದಲು ಗುರುತಿಸಿದ್ದು ರೋಗಿಗಳ ಮಲದಲ್ಲಿ, ನನ್ನಂಥವರೇ ಕುಳಿತ ಲ್ಯಾಬ್‌ಗಳಲ್ಲಿ. ಓದಿದ ದಿನ ಹೆಮ್ಮೆಯಾಯಿತು, ಆಮೇಲೆ ನಾಚಿಕೆಯಾಯಿತು.

ನಾಚಿಕೆ ಏಕೆಂದು ಹೇಳಿಬಿಡುತ್ತೇನೆ. ಕ್ರಿಪ್ಟೊಸ್ಪೊರಿಡಿಯಂ ಅಯೋಡಿನ್ ಹನಿಯಲ್ಲಿ ಸುಲಭವಾಗಿ ಗುರುತಿಗೆ ಸಿಗುವುದಿಲ್ಲ. ನಾಲ್ಕರಿಂದ ಆರು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಐದು ಪಾಲಿನಷ್ಟು ಗಾತ್ರದ ಉರುಟು ಕಾಳು. ಬೂಸ್ಟು ಎಂದುಕೊಂಡು ಕಣ್ಣು ಮುಂದೆ ಹೋಗುತ್ತದೆ. ಕ್ಷಯದ ಕಫಕ್ಕೆ ಹಾಕುವಂಥ ಆಮ್ಲನಿರೋಧಕ ಬಣ್ಣ ಹಾಕಿದರೆ ಮಾತ್ರ ಕೆಂಪಗೆ ಎದ್ದು ಕಾಣುತ್ತದೆ. ಆ ಬಣ್ಣವನ್ನು ನಾವು ಹಾಕುತ್ತಿದ್ದದ್ದು ಡಾಕ್ಟರು ಕೇಳಿದಾಗ. ಅವರು ಕೇಳುತ್ತಿದ್ದದ್ದು ಹೆಚ್ಚಾಗಿ ಎಚ್‌ಐವಿ ರೋಗಿಗಳಿಗೆ. ಭೇದಿಯಿಂದ ಬಂದ ಕೂಸುಗಳ ಮಾದರಿಗೆ "ಪರಾವಲಂಬಿ ಕಂಡುಬಂದಿಲ್ಲ" ಎಂದು ನಾನೇ ಎಷ್ಟು ಸಲ ಸಹಿ ಹಾಕಿದ್ದೇನೋ. 2013ರಲ್ಲಿ ಆಫ್ರಿಕಾ ಮತ್ತು ಏಷ್ಯಾದ ಏಳು ಕಡೆಗಳ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು, ನಮ್ಮ ಕೋಲ್ಕತ್ತವೂ ಅದರಲ್ಲಿತ್ತು. ಎಳೆಯ ಮಕ್ಕಳ ತೀವ್ರ ಭೇದಿಗೆ ಮುಖ್ಯ ಕಾರಣಗಳ ಪಟ್ಟಿಯಲ್ಲಿ ರೋಟಾವೈರಸ್ ಜೊತೆಗೆ ಈ ಕ್ರಿಪ್ಟೊಸ್ಪೊರಿಡಿಯಂ ಕೂಡ ಇತ್ತು. ಹುಡುಕದಿದ್ದರೆ ಸಿಗುವುದಿಲ್ಲ, ಸಿಗದ್ದನ್ನು ಇಲ್ಲ ಎಂದು ಬರೆಯುತ್ತೇವೆ. ನಾನು ಮಲದ ವರದಿಯಲ್ಲಿ ಮಾಡಿದ ತಪ್ಪು ನೀರಿನ ವರದಿಯಲ್ಲಿ ಮುಂದುವರಿಯುವುದು ಬೇಡ ಎಂಬ ಹಟ ನನ್ನದು.

ಈಗ ನಮ್ಮ ನೀರಿನ ಜಾತಕ ನೋಡೋಣ. ಕುಂದುವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆ ತುಂಬುವುದು ಭದ್ರಾ ನಾಲೆಯಿಂದ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಲ್ಲಿ ಕಾಡಿನ ನೆರಳಿನಿಂದ ಹೊರಟ ನೀರು ನಮ್ಮ ಊರು ಸೇರುವಷ್ಟರಲ್ಲಿ ಏನೆಲ್ಲ ಕಂಡಿರುತ್ತದೆ ಎಂದು ತಿಳಿಯಲು ಲ್ಯಾಬ್ ಬೇಡ, ನಾಲೆಯ ಏರಿಯ ಮೇಲೆ ಅರ್ಧ ದಿನ ನಡೆದರೆ ಸಾಕು. ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಯುವವರು, ಟ್ರ್ಯಾಕ್ಟರ್ ಇಳಿಸುವವರು, ನೀರಿಗೆ ಬಂದ ಕುರಿ ಮಂದೆ. ಯಾರನ್ನೂ ಬಯ್ಯುತ್ತಿಲ್ಲ, ನಾಲೆ ಅವರದ್ದೂ ಹೌದು. ಆದರೆ ಒಂದು ಮಾತು ಗೊತ್ತಿರಲಿ: ಸೋಂಕು ತಗುಲಿದ ಒಂದು ಎಳೆಗರು ಭೇದಿಯಲ್ಲಿ ಹೊರಹಾಕುವ ಕ್ರಿಪ್ಟೊಸ್ಪೊರಿಡಿಯಂ ಕಾಳುಗಳ ಲೆಕ್ಕ ಕೋಟಿ ಕೋಟಿಗಳಲ್ಲಿ. ಮನುಷ್ಯನಿಗೆ ರೋಗ ಬರಲು ಹತ್ತು ಕಾಳು ಸಾಕಾಗಬಹುದು.

ಇನ್ನೊಂದು ಮೂಲ ರಾಜನಹಳ್ಳಿಯ ಬಳಿ ಎತ್ತುವ ತುಂಗಭದ್ರೆ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಕೂಡಿದ್ದು ನಮಗೆ ಪುಣ್ಯದ ಮಾತು. ಆ ಕೂಡಲಿಗೆ ಮೊದಲೇ ತುಂಗೆ ಶಿವಮೊಗ್ಗ ದಾಟಿರುತ್ತಾಳೆ, ಭದ್ರೆ ಭದ್ರಾವತಿ ದಾಟಿರುತ್ತಾಳೆ. ಕೂಡಿದ ಮೇಲೆ ಹೊನ್ನಾಳಿ. ಮೇಲಿನವರು ಕೊಟ್ಟದ್ದನ್ನು ನಾವು ಕುಡಿಯುತ್ತೇವೆ, ನಾವು ಕೊಟ್ಟದ್ದನ್ನು ಕೆಳಗಿನವರು. "ತುಂಗಾ ಪಾನ, ಗಂಗಾ ಸ್ನಾನ" ಎಂದ ಹಿರಿಯರು ಇಷ್ಟು ಶೌಚಾಲಯಗಳ ಪೈಪು ನದಿಯ ಕಡೆ ತಿರುಗಿದ್ದನ್ನು ನೋಡಿರಲಿಲ್ಲ.

ಈ ನೀರನ್ನು ಮಳೆಗಾಲದ ಮೊದಲ ಪ್ರವಾಹದಲ್ಲಿ ನೋಡಬೇಕು. ಹೊಸ ನೀರು ಕೆಂಪಗೆ, ಚಹಾದ ಬಣ್ಣದಲ್ಲಿ ಬರುತ್ತದೆ. ನಾಲ್ಕು ತಿಂಗಳು ಹೊಲ, ದಂಡೆ, ಚರಂಡಿಯಲ್ಲಿ ಒಣಗಿ ಕುಳಿತದ್ದೆಲ್ಲ ಒಮ್ಮೆಗೆ ಹೊಳೆಗೆ ಇಳಿಯುವ ದಿನಗಳವು. ನಾಲೆಗೆ ನೀರು ಬಿಟ್ಟ ಮೊದಲ ವಾರವೂ ಹಾಗೆಯೇ. ಪರೀಕ್ಷೆ ಮಾಡುವುದಿದ್ದರೆ ಆ ದಿನಗಳಲ್ಲಿ ಮಾಡಬೇಕು. ಚಳಿಗಾಲದ ತಿಳಿನೀರನ್ನು ಒಮ್ಮೆ ತುಂಬಿಕೊಂಡು ಹೋಗಿ "ಎಲ್ಲ ಸರಿಯಿದೆ" ಎಂದರೆ ನಾನು ಒಪ್ಪುವುದಿಲ್ಲ. ಜಿಯಾರ್ಡಿಯಾ ದಿನವೂ ಮಲದಲ್ಲಿ ಬೀಳುವುದಿಲ್ಲ, ಒಂದು ದಿನ ಇದ್ದರೆ ಎರಡು ದಿನ ಇರುವುದಿಲ್ಲ. ಅದಕ್ಕೇ ನಾವು ಬೇರೆ ಬೇರೆ ದಿನದ ಮೂರು ಮಾದರಿ ಕೇಳುತ್ತಿದ್ದೆವು. ಜನ ಗೊಣಗುತ್ತಿದ್ದರು, ತರುತ್ತಿದ್ದರು. ಒಂದು ಮಗುವಿನ ಹೊಟ್ಟೆಗೆ ಮೂರು ದಿನ ಬೇಕಾದರೆ ಒಂದು ಊರಿನ ಹೊಟ್ಟೆಗೆ ಎಷ್ಟು ದಿನ ಬೇಕು, ನೀವೇ ಹೇಳಿ.

ಅಮೆರಿಕದವರು ಪೆಟ್ಟು ತಿಂದ ಮೇಲೆ 2006ರಲ್ಲಿ ಒಂದು ನಿಯಮ ತಂದರು. ಹೊಳೆ, ಸರೋವರದ ನೀರು ಬಳಸುವ, ಹತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ಜನರಿಗೆ ನೀರು ಕೊಡುವ ವ್ಯವಸ್ಥೆಗಳು ಶುದ್ಧೀಕರಣಕ್ಕೆ ಮುಂಚಿನ ಕಚ್ಚಾ ನೀರನ್ನು ತಿಂಗಳಿಗೊಮ್ಮೆಯಂತೆ 24 ತಿಂಗಳು ಕ್ರಿಪ್ಟೊಸ್ಪೊರಿಡಿಯಂಗಾಗಿ ಪರೀಕ್ಷಿಸಬೇಕು. ಮೂಲ ಎಷ್ಟು ಕೆಟ್ಟಿದೆ ಎಂಬುದರ ಮೇಲೆ ಫಿಲ್ಟರ್ ಎಷ್ಟು ಗಟ್ಟಿಯಾಗಿರಬೇಕು ಎಂದು ನಿರ್ಧಾರ. ಇದರಲ್ಲಿ ನನಗೆ ಹಿಡಿಸಿದ್ದು ನಲ್ಲಿಯ ಬಳಿ ಅಲ್ಲ, ಮೂಲದ ಬಳಿ ನೋಡುವ ಕ್ರಮ. ಕ್ರಿಪ್ಟೊಸ್ಪೊರಿಡಿಯಂ ಹೊಟ್ಟೆ ಸೇರಿ ರೋಗ ಕಾಣಿಸಲು ಸುಮಾರು ಒಂದು ವಾರ, ಜಿಯಾರ್ಡಿಯಾಕ್ಕೆ ಒಂದೆರಡು ವಾರ. ಜನ ಆಸ್ಪತ್ರೆ ಸೇರಿದ ಮೇಲೆ ಬಾಟಲಿ ಹಿಡಿದು ನಲ್ಲಿಯ ಬಳಿ ಓಡಿದರೆ ಸಿಗುವುದು ಈ ವಾರದ ನೀರು. ತಪ್ಪು ಮಾಡಿದ ನೀರು ಆಗಲೇ ಕುಡಿದಾಗಿರುತ್ತದೆ. 2023ರ ಆಗಸ್ಟ್ ಮೊದಲ ದಿನಗಳಲ್ಲಿ ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತ ಸುದ್ದಿ ಕೇಳಿ ನಾವೆಲ್ಲ ನಡುಗಿದೆವು. ಸಾವಾದ ಮೇಲೆ ನೀರಿನ ಬಳಿ ಹೋಗುವ ಅಭ್ಯಾಸ ನಮ್ಮದು.

ಆದ್ದರಿಂದ ಕೇಳುತ್ತಿದ್ದೇನೆ. ಎರಡೂ ಕೆರೆಗಳಿಂದ, ರಾಜನಹಳ್ಳಿಯಿಂದ, ಹಾಗೆಯೇ ಶುದ್ಧೀಕರಣ ಘಟಕಗಳಿಂದ ಹೊರಬರುವ ನೀರಿನಿಂದ ತಿಂಗಳಿಗೊಮ್ಮೆ ಹತ್ತು ಹತ್ತು ಲೀಟರ್ ತೆಗೆದು ಎರಡು ವರ್ಷ ಪರೀಕ್ಷೆ ಮಾಡಿಸಿ. ಹೊಸ ನೀರು ಬಂದಾಗ ಮತ್ತು ನಾಲೆ ಬಿಟ್ಟಾಗ ಹೆಚ್ಚುವರಿಯಾಗಿ. ಆಗಲೇ ಮಾಡಿಸುತ್ತಿದ್ದರೆ ದಯವಿಟ್ಟು ಪ್ರಕಟಿಸಿ, ನನ್ನ ಮಾತು ವಾಪಸು ಪಡೆದು ಬೆಣ್ಣೆದೋಸೆ ಕೊಡಿಸುತ್ತೇನೆ.

ಪರೀಕ್ಷೆ ಸುಲಭ ಎಂದು ಹೇಳಿ ನಿಮ್ಮ ಕಣ್ಣಿಗೆ ಮಣ್ಣೆರಚುವುದಿಲ್ಲ. ಹತ್ತು ಲೀಟರ್ ನೀರನ್ನು ಸೂಕ್ಷ್ಮ ಫಿಲ್ಟರ್ ಮೂಲಕ ಹಾಯಿಸಿ, ಉಳಿದ ಗಸಿಯಿಂದ ಆಯಸ್ಕಾಂತದ ಮಣಿಗಳಿಗೆ ಅಂಟಿಸಿ ಸಿಸ್ಟ್‌ಗಳನ್ನು ಬೇರ್ಪಡಿಸಿ, ಹೊಳೆಯುವ ಬಣ್ಣ ಹಚ್ಚಿ, ಫ್ಲೋರೆಸೆಂಟ್ ಸೂಕ್ಷ್ಮದರ್ಶಕದಡಿ ಎಣಿಸಬೇಕು. ಕಿಟ್ ಅಗ್ಗದ್ದಲ್ಲ. ನೀರಿನಲ್ಲಿದ್ದದ್ದೆಲ್ಲ ಕೈಗೆ ಸಿಗುವುದೂ ಇಲ್ಲ, ಕದಡಿದ ನೀರಿನಲ್ಲಂತೂ ಅರ್ಧಕ್ಕರ್ಧ ತಪ್ಪಿಹೋಗಬಹುದು. ಸಿಕ್ಕದ್ದು ಬದುಕಿದೆಯೋ ಸತ್ತಿದೆಯೋ ಎಂದೂ ಇದು ಹೇಳುವುದಿಲ್ಲ. ಆದರೆ ಇದು ಈ ಊರಿಗೆ ಮೀರಿದ ಕೆಲಸವೇ? ವೈದ್ಯಕೀಯ ಕಾಲೇಜುಗಳಿರುವ ಊರು ಇದು, ವಿಶ್ವವಿದ್ಯಾಲಯವಿರುವ ಊರು. ಕ್ಷಯದ ಕಫ ನೋಡಲು ಫ್ಲೋರೆಸೆಂಟ್ ಸೂಕ್ಷ್ಮದರ್ಶಕ ಬಳಸಿ ಪಳಗಿದ ಕಣ್ಣುಗಳು ನಮ್ಮಲ್ಲಿವೆ. ಕೆರೆಯ ಸುತ್ತ ನಡೆಯಲು ಹಾದಿ, ದೀಪ, ಬೆಂಚು ಹಾಕಿಸಲು ದುಡ್ಡಿತ್ತು. ಕೆರೆಯೊಳಗೆ ಏನಿದೆ ಎಂದು ನೋಡಲೂ ಸ್ವಲ್ಪ ತೆಗೆದಿಡಿ.

ಕಿಟ್ ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಕ್ಲೋರಿನ್‌ಗೆ ಬಗ್ಗದ್ದು ಫಿಲ್ಟರ್‌ಗೆ ಬಗ್ಗುತ್ತದೆ: ನೀರನ್ನು ತಿಳಿಯಾಗಿಸುವ ಆಲಂ, ಅಂದರೆ ಪಟಿಕ, ಸರಿಯಾದ ಪ್ರಮಾಣದಲ್ಲಿ ಬಿದ್ದು, ಗಸಿ ಕೆಳಗಿಳಿದು, ಮರಳಿನ ಹಾಸು ಸುಸ್ಥಿತಿಯಲ್ಲಿದ್ದರೆ ನೂರಕ್ಕೆ ತೊಂಬತ್ತೊಂಬತ್ತು ಪಾಲು ಅಲ್ಲೇ ನಿಲ್ಲುತ್ತದೆ. ಅದು ನಿಂತಿತೋ ಇಲ್ಲವೋ ಎಂಬುದಕ್ಕೆ ಕದಡು ಅಳೆಯುವ ಮೀಟರ್ ಒಳ್ಳೆಯ ಸುಳಿವು. ಎನ್‌ಟಿಯು ಎಂಬುದು ಕದಡಿನ ಅಳತೆಯ ಮಾನ; ನಮ್ಮ ಮಾನದಂಡ 1 ಎನ್‌ಟಿಯು ಎನ್ನುತ್ತದೆ, ಬೇರೆ ಮೂಲವಿಲ್ಲದಿದ್ದರೆ 5ರ ತನಕ ಬಿಡುತ್ತದೆ. ಅಮೆರಿಕದವರು ಇಂಥ ಫಿಲ್ಟರ್‌ಗಳಿಂದ ಬಂದ ನೀರಿನ ನೂರು ಮಾದರಿಯಲ್ಲಿ ತೊಂಬತ್ತೈದು 0.3 ದಾಟಬಾರದು ಎನ್ನುತ್ತಾರೆ. ಪ್ರತಿಯೊಂದು ಫಿಲ್ಟರ್‌ಗೂ ಒಂದೊಂದು ಮೀಟರ್ ಕೂರಿಸಿ. ಫಿಲ್ಟರ್ ತೊಳೆದ ಕೂಡಲೇ ಬರುವ ಮೊದಲ ನೀರನ್ನು ಊರಿಗೆ ಬಿಡಬೇಡಿ, ಹೊರಗೆ ಹರಿಸಿ. ತೊಳೆದ ಕೊಳೆನೀರನ್ನು ಹಾಗೆಯೇ ಮತ್ತೆ ಮೊದಲಿನ ತೊಟ್ಟಿಗೆ ಸುರಿದರೆ ಹಿಡಿದ ಕಳ್ಳರನ್ನೆಲ್ಲ ಒಟ್ಟಿಗೆ ಊರಬಾಗಿಲಿಗೆ ತಂದು ಬಿಟ್ಟಂತೆ. ಕ್ರಿಪ್ಟೊಸ್ಪೊರಿಡಿಯಂ ನಿಜಕ್ಕೂ ಸಿಕ್ಕರೆ ಅತಿನೇರಳೆ ದೀಪದ ದಾರಿಯಿದೆ. ಕ್ಲೋರಿನ್‌ಗೆ ಹತ್ತು ದಿನ ತಾಳುವ ಈ ಪ್ರಾಣಿ ಆ ಬೆಳಕಿಗೆ ಕ್ಷಣಗಳಲ್ಲೇ ಸೋಲುತ್ತದೆ.

ಫಲಿತಾಂಶ ಬಂದಾಗ ಕಡತಕ್ಕೆ ಹಾಕಬೇಡಿ. ಕುಂದುವಾಡ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯಲು ಬರುವವರು ಎಷ್ಟು ಜನ! ಅಲ್ಲೊಂದು ಫಲಕ ನಿಲ್ಲಿಸಿ, ಕನ್ನಡದಲ್ಲಿ, ದಪ್ಪಕ್ಷರದಲ್ಲಿ: ಈ ತಿಂಗಳು ಹತ್ತು ಲೀಟರಿನಲ್ಲಿ ಕಂಡದ್ದು ಇಷ್ಟು. ಸೊನ್ನೆ ಬಂದರೂ ಬರೆಯಿರಿ. ಎರಡು ಬಂದರೂ ಬರೆಯಿರಿ, ಪಕ್ಕದಲ್ಲೇ "ಈ ವಾರ ಕುದಿಸಿ ಕುಡಿಯಿರಿ" ಎಂದೂ ಬರೆಯಿರಿ. ಜನ ಹೆದರಿಯಾರು ಎಂಬ ಚಿಂತೆ ಬೇಡ. ತಿಂಗಳುಗಟ್ಟಲೆ ಕೆಮ್ಮಿ ಬಂದವರಿಗೆ ಕ್ಷಯ ಇದೆ ಎಂದು ನಾನೇ ಚೀಟಿ ಕೊಟ್ಟಿದ್ದೇನೆ. ಹೆದರಿದವರೂ ಮಾತ್ರೆ ನುಂಗಿ ವಾಸಿಯಾದರು.

ಊರಿನವರಿಗೂ ಎರಡು ಮಾತು. ಬಿಸಿನೀರು ಬೇರೆ, ಕುದಿಸಿದ ನೀರು ಬೇರೆ. ಉಗುರುಬೆಚ್ಚಗೆ ಕಾಯಿಸಿ ತಾಮ್ರದ ಚೊಂಬಿಗೆ ಸುರಿದರೆ ಜಿಯಾರ್ಡಿಯಾಕ್ಕೆ ಅದು ಅಭ್ಯಂಜನ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ನಾನು ಹೆಸರಿಸಿದ ಯಾವುದೂ ಉಳಿಯುವುದಿಲ್ಲ. ನಾಣ್ಯ ಹಾಕಿ ಕ್ಯಾನ್ ತುಂಬಿಕೊಳ್ಳುವ ಘಟಕದ ನೀರಿನ ಬಗ್ಗೆ ಕೇಳುವಿರಿ. ಅದರ ಪೊರೆ ಇವನ್ನು ತಡೆಯುತ್ತದೆ, ಆದರೆ ಕ್ಯಾನಿನೊಳಗೆ ಕೈ ಹಾಕಿ ತೊಳೆದ ನಿಮ್ಮ ಬೆರಳನ್ನು ತಡೆಯುವುದಿಲ್ಲ. ನಲ್ಲಿಗೆ ಬಟ್ಟೆ ಕಟ್ಟಿದ್ದೇವೆ ಎನ್ನುವವರಿಗೆ ಒಂದು ಹಳೆಯ ಸಂಗತಿ. ನಾರುಹುಣ್ಣು ಎಂಬ ರೋಗ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಕಾಲಿನಿಂದ ಮೊಳಕ್ಕಿಂತ ಉದ್ದದ ಹುಳ ಹೊರಬರುತ್ತಿತ್ತು. ಮೆಟ್ಟಿಲು ಬಾವಿಯ ನೀರಿನಲ್ಲಿದ್ದ ಸೈಕ್ಲಾಪ್ಸ್ ಎಂಬ ಸಣ್ಣ ಜೀವಿಯ ಹೊಟ್ಟೆಯಲ್ಲಿ ಅದರ ಮರಿ. ಸೈಕ್ಲಾಪ್ಸ್ ಕಣ್ಣಿಗೆ ಕಾಣುವಷ್ಟು ದೊಡ್ಡದು, ಬಟ್ಟೆಗೆ ಸಿಕ್ಕಿಬೀಳುತ್ತಿತ್ತು. ಜಿಯಾರ್ಡಿಯಾ ಅದರ ನೂರರಲ್ಲಿ ಒಂದು ಪಾಲು. ನಿಮ್ಮ ಬಟ್ಟೆಯ ಕಣ್ಣಿನಲ್ಲಿ ಸಂತೆಗೆ ಹೋದಂತೆ ಗುಂಪಾಗಿ ದಾಟುತ್ತದೆ.

ಆ ನಾರುಹುಣ್ಣನ್ನು ಈ ದೇಶ ಓಡಿಸಿದ ಬಗೆಯನ್ನು ಅಧಿಕಾರಿಗಳು ನೆನೆಯಬೇಕು. ಅದಕ್ಕೆ ಲಸಿಕೆಯೂ ಇರಲಿಲ್ಲ, ಕೊಲ್ಲುವ ಮಾತ್ರೆಯೂ ಇರಲಿಲ್ಲ. ಕರ್ನಾಟಕವೂ ಸೇರಿದಂತೆ ರೋಗವಿದ್ದ ರಾಜ್ಯಗಳಲ್ಲಿ ಆರೋಗ್ಯ ಕಾರ್ಯಕರ್ತರು ಹಳ್ಳಿ ಹಳ್ಳಿ ಸುತ್ತಿ, ರೋಗಿಯ ಜೊತೆಗೆ ಬಾವಿಯನ್ನೂ ಪಟ್ಟಿ ಮಾಡಿದರು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು, ನೀರಿಗೆ ಔಷಧಿ ಹಾಕಿದರು. ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ರೋಗಮುಕ್ತ ಎಂದು ಘೋಷಿಸಿತು. ಬಡ ಹಳ್ಳಿಯ ಬಾವಿಯ ತನಕ ಇಳಿದು ನೋಡಿದ ಸರ್ಕಾರಿ ಕಣ್ಣು ಮಹಾನಗರದ ಕೆರೆಯ ಹತ್ತು ಲೀಟರ್ ನೋಡಲಾರದೇ?

ನನ್ನ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ, ಇನ್ನೂ ಚೆನ್ನಾಗಿ ಕಾಣುತ್ತದೆ. ಮಾದರಿ ತೆಗೆಯುವ ದಿನ ಹೇಳಿ ಕಳುಹಿಸಿದರೆ ಹೊಸ ಹುಡುಗ ಹುಡುಗಿಯರ ಪಕ್ಕದಲ್ಲಿ ಕುಳಿತು ಯಾವುದು ಸಿಸ್ಟ್, ಯಾವುದು ಬೂಸ್ಟು ಎಂದು ತೋರಿಸಿಕೊಡುತ್ತೇನೆ, ಸಂಬಳ ಬೇಡ. ಹತ್ತು ಲೀಟರಿನ ಕ್ಯಾನ್ ನಮ್ಮ ಮನೆಯಲ್ಲೇ ಇದೆ, ಆದರೆ ಅದರಲ್ಲಿ ಶೇಂಗಾ ಎಣ್ಣೆ ತರುತ್ತಿದ್ದೆವು. ಹೊಸದನ್ನೇ ಕೊಂಡು ತರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಲ್ಯಾಬ್ ಟೆಕ್ನೀಷಿಯನ್, ದಾವಣಗೆರೆ